ಕೊಳೆರೋಗ ಎಲ್ಲಿ ಅಡಗಿ ಕೂತಿದೆ? ತೋಟದಲ್ಲಿ ಹೀಗೆ ಹುಡುಕಿ

ಆಷಾಢದ ಮಳೆ ಹಿಡಿದಾಗ ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ಎಳೆ ಅಡಿಕೆ ಹಾಸಿದಂತೆ ಬಿದ್ದಿರುತ್ತದೆ. ಎದೆ ಧಸಕ್ ಅನ್ನುತ್ತದೆ. ‘ಮಳೆ ಜಾಸ್ತಿ ಆಯ್ತು, ಕೊಳೆ ಬಂತು’ ಅನ್ನುತ್ತೇವೆ. ಆದರೆ ಹೋದ ವರ್ಷದ ರೋಗ ತೋಟದಲ್ಲೇ ಉಳಿದಿರುತ್ತದೆ, ಮಳೆ ಅದನ್ನು ಎಬ್ಬಿಸುತ್ತದೆ ಅಷ್ಟೇ. ಅದಕ್ಕೇ ಹುಡುಕಾಟ ಬೇಸಿಗೆಯಲ್ಲೇ ಶುರುವಾಗಬೇಕು.

ಮೊದಲು ತಲೆ ಎತ್ತಿ ನೋಡಿ. ಕಳೆದ ಮಳೆಗಾಲದಲ್ಲಿ ಕೊಳೆತು ಒಣಗಿದ ಗೊನೆಗಳು ಸೋಗೆಯ ಸಂದಿಯಲ್ಲಿ ಇನ್ನೂ ಸಿಕ್ಕಿಕೊಂಡಿರುತ್ತವೆ. ಒಣಗಿದೆಯಲ್ಲ ಎಂದು ಸುಮ್ನೆ ಬಿಡಬೇಡಿ. ರೋಗದ ಬೀಜಾಣು ಅದರಲ್ಲೂ ಇರುತ್ತದೆ, ಕೆಳಗಿನ ಮಣ್ಣಿನಲ್ಲೂ ಇರುತ್ತದೆ. ಆ ಗೊನೆಗಳನ್ನೂ ಬುಡದ ಹಳೇ ಕಾಯಿಗಳನ್ನೂ ಒಟ್ಟು ಮಾಡಿ ಸುಡಿ. ಗೊಬ್ಬರಗುಂಡಿಗೆ ಮಾತ್ರ ಹಾಕಬೇಡಿ.

ಆಮೇಲೆ ನೀರಿನ ದಾರಿ. ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾವನ್ನು ನಾವೆಲ್ಲ ಶಿಲೀಂಧ್ರ ಅಂತಲೇ ಕರೆಯುತ್ತೇವೆ. ವಿಜ್ಞಾನಿಗಳು ಈಗ ಇದನ್ನು ನೀರಿನ ಪಾಚಿಗಳಿಗೆ ಹತ್ತಿರದ ಜೀವಿ ಎನ್ನುತ್ತಾರೆ. ತೋಟಗಾರರು ನೆನಪಿಡಬೇಕಾದ ಮಾತು ಇದು. ಯಾಕೆಂದರೆ ಇದರ ಬೀಜಾಣು ಕಾಯಿಯ ಮೇಲಿನ ತೆಳ್ಳನೆ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಒಳಗೆ ನುಗ್ಗುತ್ತದೆ! ಬಿಡದ ಮಳೆ, ನಡುನಡುವೆ ಇಣುಕುವ ಬಿಸಿಲು, 20ರಿಂದ 23 ಡಿಗ್ರಿ ಉಷ್ಣತೆ, ಶೇ 90 ದಾಟಿದ ತೇವಾಂಶ ಇದ್ದರೆ ಅದಕ್ಕೆ ಹಬ್ಬ. ತೋಟದ ತಗ್ಗು, ಗಾಳಿಯಾಡದ ದಟ್ಟ ನೆರಳು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಮಳೆಗೆ ಮುಂಚೆಯೇ ಬಸಿಗಾಲುವೆ ಬಿಡಿಸಿ.

ಮಳೆ ಶುರುವಾಗಿ ಎರಡು ವಾರ ಕಳೆದ ಮೇಲೆ ದಿನಾ ಒಂದು ಸುತ್ತು ಹಾಕಿ. ಬಿದ್ದ ಕಾಯಿಯನ್ನು ಕೈಗೆತ್ತಿಕೊಂಡು ನೋಡಿ. ಕೊಳೆ ತಗುಲಿದ್ದರೆ ತೊಟ್ಟು ಮೇಲೇ ಉಳಿದು ಕಾಯಿ ಮಾತ್ರ ಬಿದ್ದಿರುತ್ತದೆ. ತೊಟ್ಟಿನ ಕಡೆಯಿಂದ ನೀರಲ್ಲಿ ನೆನೆದಂಥ ಕಡು ಹಸಿರು ಮಚ್ಚೆ ಹರಡಿರುತ್ತದೆ. ಅನುಮಾನವೇ? ಒದ್ದೆ ಬಟ್ಟೆಯ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಿ. ಒಂದೆರಡು ದಿನ ಬಿಟ್ಟು ಬಿಳಿ ಹತ್ತಿಯಂಥ ಬೂಸು ಕಾಣಿಸಿತೋ, ಇದು ಕೊಳೆರೋಗವೇ ಇರಬೇಕು.

ಈಗ ಆ ಮರದ ಸುತ್ತಲಿನ ಮರಗಳನ್ನು ನೋಡಿ. ಮಳೆಹನಿ ಸಿಡಿದಾಗ, ಗಾಳಿ ಎರಚಲು ಹೊಡೆದಾಗ ಬೀಜಾಣು ಗೊನೆಯಿಂದ ಗೊನೆಗೆ ಹಾರುತ್ತದೆ. ಎರಚಲು ಯಾವ ಕಡೆಗೆ ಬೀಳುತ್ತದೋ ಆ ಕಡೆಯ ಮರಗಳನ್ನು ಮೊದಲು ನೋಡಿ. ರೋಗದ ಗೊನೆ ಇಳಿಸಿ, ಬಿದ್ದ ಕಾಯಿ ಹೆಕ್ಕಿ. ಮಳೆಯಲ್ಲಿ ಸುಡಲು ಆಗದಿದ್ದರೆ ದೂರದಲ್ಲಿ ಗುಂಡಿ ತೋಡಿ ಹೂಳಿ. ಪಕ್ಕದ ತೋಟದವರಿಗೂ ಒಂದು ಮಾತು ಹೇಳಿ. ಬೇಲಿ ದನಕ್ಕೆ ಅಡ್ಡವಾಗಬಹುದು, ಎರಚಲಿಗೆ ಅಲ್ಲ.

ಇನ್ನು ಔಷಧಿ. 1910ರಲ್ಲೇ ಮೈಸೂರು ಸಂಸ್ಥಾನದ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ ವಿವರವಾಗಿ ಬರೆದಿದ್ದರು. ಅವರ ಕಾಲದಿಂದಲೂ ನಮ್ಮ ಕೈಹಿಡಿದಿರುವುದು ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಲ್ಲಿ ಬೇರೆ ಬೇರೆ ಕರಗಿಸಿ. ಪ್ಲಾಸ್ಟಿಕ್ ಡ್ರಮ್ ಇರಲಿ, ಕಬ್ಬಿಣದ್ದು ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡಿ. ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಿ. ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40-45 ದಿನದ ಮೇಲೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾಗುತ್ತದೆ. ಗೊನೆಯ ಒಳಗಿನ ಕಾಯಿಗೂ ಔಷಧಿ ತಾಗಬೇಕು.

ಮೊದಲು ಕಾಯಿ ಉದುರಿಸಿದ ಮರಕ್ಕೆ ಒಂದು ಬಣ್ಣದ ಪಟ್ಟೆ ಬಳಿದಿಡಿ. ಮುಂದಿನ ಬೇಸಿಗೆಯಲ್ಲಿ ಒಣ ಗೊನೆ ತೆಗೆಯುವವರನ್ನು ಮೊದಲು ಹತ್ತಿಸಬೇಕಾದದ್ದು ಅದೇ ಮರಕ್ಕೆ.