ಡ್ರಮ್ಮಿನ ನೀರಿಗೆ ಬಗ್ಗಿದ ಬೂದಿ ರೋಗ: ತಿಕೋಟಾ ದ್ರಾಕ್ಷಿ ತೋಟದ ನನ್ನ ಅನುಭವ

ಈ ಹಂಗಾಮಿನಲ್ಲಿ ನನ್ನ ಎರಡು ಎಕರೆ ಥಾಮ್ಸನ್ (ಬೀಜವಿಲ್ಲದ ದ್ರಾಕ್ಷಿ ತಳಿ) ಪ್ಲಾಟಿಗೆ ಬೂದಿ ರೋಗದ, ಅಂದರೆ ಎಲೆ, ಕಾಯಿಯ ಮೇಲೆ ಬೂದಿಯಂತೆ ಕೂರುವ ಶಿಲೀಂಧ್ರದ, ಅಂಗಡಿ ಔಷಧ ಹೊಡೆದದ್ದು ಒಂದೆರಡು ಸಲ ಮಾತ್ರ. ಉಳಿದದ್ದೆಲ್ಲ ಮನೆಯ ಡ್ರಮ್ಮಿನಲ್ಲಿ ಬೆಳೆಸಿದ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ. ಮೊದಲು ಹೇಳಿದಾಗ ನಗದವರಿಲ್ಲ. "ಬೆಲ್ಲದ ನೀರ ಹೊಡದ್ರ ಬೂದಿ ಹೋಗತೈತೇನೋ ತಮ್ಮಾ?" ಅಂದರು ಬಾಜೂ ತೋಟದ ಕಾಕಾ. ಮಣೂಕ (ಒಣದ್ರಾಕ್ಷಿ) ಶೆಡ್ಡಿಗೆ ಏರಿದೆ, ಈಗ ಬರೆಯಬಹುದು.

ಡ್ರಮ್ಮಿನ ನೀರಿಗೆ ಬೆಲ್ಲ, ಸೋಯಾ ಹಿಟ್ಟು, ಬ್ಯಾಕ್ಟೀರಿಯಾದ ಕಲ್ಚರ್ ಪುಡಿ ಹಾಕಿ, ಪಂಪಿನಿಂದ ಗಾಳಿ ಬಿಟ್ಟು ಬೆಳೆಸುವುದು. ನಮ್ಮ ಕಡೆ ಎಲ್ಲರೂ ಒಂದು ದಿನ ಬಿಟ್ಟು, ನೀರು ಮಬ್ಬಾದ ಕೂಡಲೇ ಸೋಸಿ ಹೊಡೆಯುತ್ತಾರೆ. ಆ ನೀರು ಬಿದ್ದ ಸಾಲುಗಳಲ್ಲಿ ನನಗೆ ಬೂದಿ ನಿಲ್ಲಲಿಲ್ಲ. ಕಸುವು ಇರುವುದು ಬರೀ ಬ್ಯಾಕ್ಟೀರಿಯಾದಲ್ಲಿ ಅಲ್ಲ, ಅದು ನೀರಿಗೆ ಬಿಡುವ ಪೆಪ್ಟೈಡುಗಳಲ್ಲಿ (ಅಮೈನೋ ಆಮ್ಲಗಳು ಕೂಡಿದ ಸಣ್ಣ ಸರಗಳು): ಇಟುರಿನ್, ಫೆಂಜಿಸಿನ್, ಸರ್ಫ್ಯಾಕ್ಟಿನ್. ಚೆನ್ನಾಗಿ ತಿಂದು ಬೆಳೆಯುವ ಹೊತ್ತಿನಲ್ಲಿ ಇಟುರಿನ್ ಕಡಿಮೆ. ತಿನ್ನಲು ತೀರುತ್ತಾ ಬಂದು, ಬೀಜಕ (ಕಷ್ಟಕಾಲ ತಡೆಯುವ ಗಟ್ಟಿ ರೂಪ) ಕಟ್ಟುವ ಹೊತ್ತಿಗೆ ಜಾಸ್ತಿ. ಅದಕ್ಕೇ ಮೂರು ದಿನ ಕಾಯುತ್ತೇನೆ, ಥಂಡಿ ಇದ್ದರೆ ನಾಲ್ಕು.

ಕಾಯುವುದು ಸುಲಭ ಅಲ್ಲ. ಸರ್ಫ್ಯಾಕ್ಟಿನ್‌ಗೆ ಸಾಬೂನಿನ ಗುಣ. ಗಾಳಿ ಬಿಟ್ಟರೆ ನೊರೆ ಉಕ್ಕಿ ಪಡಸಾಲೆ ತುಂಬುತ್ತದೆ, ಮನೆಯವಳ ಬೈಗುಳ ಬೇರೆ. 200 ಲೀಟರ್ ಡ್ರಮ್ಮಿಗೆ 120ರ ಮೇಲೆ ತುಂಬಬೇಡಿ, ನೊರೆ ಮೇಲೆ ನಾಲ್ಕು ಹನಿ ಅಡುಗೆ ಎಣ್ಣೆ ಬಿಡಿ. ಹುಳಿ ವಾಸನೆ ಬಂದರೆ ಬೇರೆ ಏನೋ ಬೆಳೆದಿದೆ, ಸುರಿದುಬಿಡಿ. ಹಾಗೆ ಸುರಿದ ಪ್ರತಿ ಡ್ರಮ್ಮಿಗೂ ಬೆಲ್ಲ, ಸೋಯಾ ಹಿಟ್ಟು ಸೇರಿ 400-500 ರೂಪಾಯಿ ಹೋಯಿತು. ಒಂದು ಅಂಗಡಿಯ ಕಲ್ಚರ್ ಪುಡಿಯಂತೂ ಪೂರ್ತಿ ಸತ್ತಿತ್ತು. ರೊಕ್ಕ ವಾಪಸ್ ಕೇಳಿದರೆ "ನಿಮ್ಮ ನೀರು ಸರಿ ಇಲ್ಲ" ಅಂದರು.

ಬೆಲ್ಲದ ನೀರು ಅಂದವರ ಬಾಯಿ ಮುಚ್ಚಿಸಿದ್ದು ಕುಕ್ಕರ್. ಬ್ಯಾಕ್ಟೀರಿಯಾ ಸಾಯಲಿ, ಪೆಪ್ಟೈಡು ಮಾತ್ರ ಉಳಿಯಲಿ ಅಂತ ಸೋಸಿದ ನೀರನ್ನು ಕುಕ್ಕರಿನಲ್ಲಿ ಕಾಲು ತಾಸು ಕುದಿಸಿದೆ. ಕೊಳೆತ ದ್ರಾಕ್ಷಿಯ ಕರಿ ಬೂಷ್ಟನ್ನು ಆಲೂಗಡ್ಡೆ ರಸದ ಜೆಲ್ಲಿ ಹಾಕಿದ ಪ್ಲೇಟಿನಲ್ಲಿ ಬೆಳೆಸಿ, ನಡುವೆ ಆ ನೀರು ಹಾಕಿದೆ. ಇನ್ನೊಂದು ಪ್ಲೇಟಿಗೆ ಬರೀ ಬೆಲ್ಲ, ಸೋಯಾ ಕುದಿಸಿದ ನೀರು. ಮೊದಲನೆಯದರಲ್ಲಿ ನೀರಿನ ಸುತ್ತ ಬೂಷ್ಟು ಬರಲೇ ಇಲ್ಲ, ಎರಡನೆಯದರಲ್ಲಿ ಅಂಚಿನವರೆಗೂ ಕಪ್ಪಾಯಿತು. (ಬೂದಿಯ ಶಿಲೀಂಧ್ರ ಜೀವಂತ ಎಲೆ ಬಿಟ್ಟು ಪ್ಲೇಟಿನಲ್ಲಿ ಬೆಳೆಯುವುದಿಲ್ಲ, ಅದಕ್ಕೇ ಕರಿ ಬೂಷ್ಟು.) ಇಟುರಿನ್ ಅಂದರೆ 7 ಅಮೈನೋ ಆಮ್ಲಗಳ ಬಳೆ, ಅದಕ್ಕೊಂದು ಕೊಬ್ಬಿನ ಬಾಲ. ಕುದಿಸಿದರೂ ಅದು ಸುಲಭಕ್ಕೆ ಕೆಡುವುದಿಲ್ಲ. ಶಿಲೀಂಧ್ರದ ಪೊರೆಯೊಳಗೆ ಸೇರಿ, ಅಲ್ಲಿನ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿನ ಜೊತೆ ಕೂಡಿ ತೂತು ಮಾಡುತ್ತದೆ. ಒಳಗಿನ ಪೊಟ್ಯಾಷಿಯಂ ಸೋರಿಹೋಗುತ್ತದೆ.

ಇದನ್ನು ನಂಬಿ ದ್ರಾಕ್ಷಿಯ ಇನ್ನೊಂದು ರೋಗವಾದ ಡೌನಿಗೆ (ಡೌನಿ ಮಿಲ್ಡ್ಯೂ) ಹೊಡೆಯಲು ಹೋಗಬೇಡಿ. ಡೌನಿ ನಿಜವಾದ ಶಿಲೀಂಧ್ರವೇ ಅಲ್ಲ, ಅದರ ಪೊರೆಯ ಕಟ್ಟೋಣವೇ ಬೇರೆ. ಅದಕ್ಕೆ ನಾನು ಈಗಲೂ ತಾಮ್ರವೇ ಹೊಡೆಯುತ್ತೇನೆ. ಆದರೆ ತಾಮ್ರ ಬ್ಯಾಕ್ಟೀರಿಯಾವನ್ನೂ ಸಾಯಿಸುತ್ತದೆ, ಒಂದೇ ಟ್ಯಾಂಕಿಗೆ ಎರಡೂ ಹಾಕಬಾರದು, ನಡುವೆ ನಾಲ್ಕೈದು ದಿನ ಬಿಡಿ.

ನಡುವೆ ಸುಮ್ನೆ ಮೂಲಂಗಿ ಬೀಜವನ್ನೂ ನೋಡಿದೆ. ಮೊಳಕೆ ಒಡೆಯುವಾಗ ಸಿಪ್ಪೆ ಬಿರಿದ ಕೂಡಲೇ ಆ ಬೀಜ ಬೂಷ್ಟು ತಡೆಯುವ ಡಿಫೆನ್ಸಿನ್ ಎಂಬ ಪೆಪ್ಟೈಡನ್ನು ಸುತ್ತಲಿನ ಮಣ್ಣಿಗೆ ಬಿಡುತ್ತದೆ. ಬೆಲ್ಜಿಯಂನ ವಿಜ್ಞಾನಿಗಳು 1992ರಲ್ಲಿ ಅದನ್ನು ಬೇರ್ಪಡಿಸಿ ಬರೆದಿದ್ದಾರೆ. ಅರ್ಧ ಕೆಜಿ ಬೀಜ ಅರೆದು ನೆನೆಸಿದೆ. ಫಿಲ್ಟರ್ ನೀರಿನಲ್ಲಿ ನೆನೆಸಿದ್ದು ಪ್ಲೇಟಿನಲ್ಲಿ ಬೂಷ್ಟನ್ನು ಸ್ವಲ್ಪ ತಡೆಯಿತು. ಬೋರ್ ನೀರಿನದು ಏನೂ ಮಾಡಲಿಲ್ಲ. ಕ್ಯಾಲ್ಸಿಯಂ ಇದ್ದರೆ ಈ ಡಿಫೆನ್ಸಿನ್ ಮಂಕಾಗುತ್ತದೆ, ನಮ್ಮ ಬೋರ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರವೇ ಕೂರುತ್ತದೆ. ಎಕರೆಗಟ್ಟಲೆ ಹೊಡೆಯಲು ಫಿಲ್ಟರ್ ನೀರು ಎಲ್ಲಿಂದ ತರೋಣ? ಬಿಟ್ಟೆ.

ಲೆಕ್ಕಕ್ಕೆ ಬರೋಣ. ಅಕ್ಟೋಬರ್ ಚಾಟ್ನಿಯಿಂದ (ಬಳ್ಳಿ ಕತ್ತರಿಸುವುದರಿಂದ) ಕೊಯ್ಲಿನವರೆಗೆ ಬೂದಿ ಔಷಧದಲ್ಲಿ ಎಕರೆಗೆ 7-8 ಸಾವಿರ ಉಳಿದಿರಬೇಕು. ಆದರೆ ವಾರಕ್ಕೊಮ್ಮೆ ಹೊಡೆಯಬೇಕಾದ್ದರಿಂದ ಬ್ಲೋವರ್ (ಔಷಧ ಸಿಂಪಡಿಸುವ ಯಂತ್ರ) ಡೀಸೆಲ್ಲಿಗೆ ಅದರಲ್ಲೇ ಸುಮಾರು 2 ಸಾವಿರ ಹೋಯಿತು. ಮಹಾರಾಷ್ಟ್ರದ ತಾಸಗಾಂವ್ ಮಣೂಕ ಪೇಟೆಯಲ್ಲಿ ಈ ಮಾಲಿಗೆ ದರ ಜಾಸ್ತಿಯೇನೂ ಸಿಗಲಿಲ್ಲ. ಮಾಲು ಮಾತ್ರ ಬಣ್ಣಕ್ಕೆ ಬಂತು, ನೋಡಿದವರು ಯಾವ ಔಷಧ ಅಂತ ಕೇಳಿದರು.

ಎರಡನೇ ದಿನ ಡ್ರಮ್ಮಿಗೆ ಚಿಟಿಕೆಯಷ್ಟು ಒಂದು ಉಪ್ಪು ಹಾಕುತ್ತೇನೆ. ಯಾವುದು ಅಂತ ಹೇಳುವುದಿಲ್ಲ, ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಸೋಯಾ ಹಿಟ್ಟಿನ ಅಳತೆಯೂ ನನ್ನ ಹತ್ತಿರವೇ ಇರಲಿ. ಬಿಸಿಲಿಳಿದ ಮೇಲೆ ಹೊಡೆಯಿರಿ, ಎಲೆಯ ಕೆಳಮೈ ನೆನೆಯಲಿ. ಉಳಿದ ನೀರನ್ನು ನೆರಳಿನಲ್ಲಿ ಇಟ್ಟರೆ ನನಗೆ ಮೂರು ವಾರ ನಡೆದಿದೆ. ಕ್ಯಾನಿನ ಮುಚ್ಚಳ ಮಾತ್ರ ಬಿಗಿ ಮಾಡಬೇಡಿ, ಗ್ಯಾಸ್ ತುಂಬಿ ಉಬ್ಬುತ್ತದೆ.