ಪೇಟಿ ನುಡಿಸುವವರು ಜಾನ್ ಲಾರ್ಡ್ ಅವರಿಂದ ರಾಕ್ ಕೀಬೋರ್ಡ್ ಕಲಿಯುವುದು ಹೇಗೆ

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಭಜನೆಗೆ, ಗಾಯನದ ಸಾಥಿಗೆ ಪೇಟಿ ನುಡಿಸುವವರು ಓಣಿಗೊಬ್ಬರು ಸಿಗುತ್ತಾರೆ. ಅವರಲ್ಲಿ ಯಾರಾದರೂ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ: ಮೊದಲು ಪಿಯಾನೋ ಕಲಿ. ನಾನು ಹಾಗೆ ಹೇಳುವುದಿಲ್ಲ. ಮೊದಲು ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಅವರ ವಾದನ ಕೇಳಿ. ಅವರು ನುಡಿಸುತ್ತಿದ್ದದ್ದು ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ವಾದ್ಯ. ಅದು ಪಿಯಾನೋಗಿಂತ ನಿಮ್ಮ ಪೇಟಿಗೇ ಹತ್ತಿರ.

ಪಿಯಾನೋದಲ್ಲಿ ಒತ್ತಿ ಹಿಡಿದರೂ ಸದ್ದು ಮೆಲ್ಲಗೆ ಅಡಗುತ್ತದೆ. ಪೇಟಿಯಲ್ಲಿ ಬೆರಳು ಇರುವಷ್ಟು ಹೊತ್ತು ಸ್ವರ ನಿಲ್ಲುತ್ತದೆ, ಜೋರು-ಮೆತ್ತಗೆ ಎಲ್ಲ ತಿದಿಯ ಕೆಲಸ. ಹ್ಯಾಮಂಡ್ ಕೂಡ ಹಾಗೇ, ತಿದಿಯ ಬದಲು ಕಾಲಿನ ಕೆಳಗೊಂದು ಪೆಡಲ್ ಅಷ್ಟೇ. ಸ್ವರ ಹಿಡಿದುಕೊಂಡೇ ಅದನ್ನು ಏರಿಸುವುದು ನಿಮಗೆ ಆಗಲೇ ಗೊತ್ತು ಅಲ್ವಾ, ಲಾರ್ಡ್ ಅವರ ವಾದನದ ಅರ್ಧ ಜೀವ ಅಲ್ಲೇ ಇದೆ.

ಹ್ಯಾಮಂಡ್ ಹುಡುಕಲು ಹೋಗಬೇಡಿ, 61 ಮನೆಯ ಸಾಧಾರಣ ಕೀಬೋರ್ಡ್ ಸಾಕು. ಟಚ್ ರೆಸ್ಪಾನ್ಸ್ (ಒತ್ತುವ ಬಲಕ್ಕೆ ತಕ್ಕಂತೆ ಸದ್ದು ಬದಲಾಗುವ ಸೌಲಭ್ಯ) ಆಫ್ ಮಾಡಿ. ‘ರಾಕ್ ಆರ್ಗನ್’ ಟೋನ್ ಹಾಕಿ, ಕೀಬೋರ್ಡ್ ಟೋನ್‌ಗಳ ಜನರಲ್ ಮಿಡಿ ಎಂಬ ಸಾಮಾನ್ಯ ಪಟ್ಟಿಯಲ್ಲಿ ಅದು 19ನೆಯದು. ಡ್ರಾಬಾರ್ (ಎಳೆದು ನಾದದ ಬಣ್ಣ ಬದಲಿಸುವ ಕಡ್ಡಿ) ಇರುವ ಕೀಬೋರ್ಡ್ ಅಥವಾ ಆ್ಯಪ್ ಸಿಕ್ಕರೆ 9 ಕಡ್ಡಿಗಳಲ್ಲಿ ಎಡಗಡೆಯ 3ನ್ನು ಪೂರ್ತಿ ಎಳೆದು ಉಳಿದ 6ನ್ನು ಒಳಗೇ ಬಿಡಿ. ಕೀಬೋರ್ಡ್‌ನಲ್ಲಿ ಎಕ್ಸ್‌ಪ್ರೆಶನ್ ಪೆಡಲ್ (ಸದ್ದು ಏರಿಸಿ ಇಳಿಸುವ ಕಾಲಿನ ಪೆಡಲ್) ಜೋಡಿಸುವ ಜಾಗ ಇದ್ದರೆ ಬೇರೆ ಏನು ಬಿಟ್ಟರೂ ಅದನ್ನು ಮಾತ್ರ ಕೊಳ್ಳಿ.

ಕಷ್ಟ ಇರುವುದು ಎಡಗೈಯಲ್ಲಿ. ಇಷ್ಟು ವರ್ಷ ಗಾಳಿ ಹಾಕಿದ ಕೈಗೆ ಮನೆಗಳ ಮೇಲೆ ಓಡಾಡಿ ರೂಢಿ ಇರುವುದಿಲ್ಲ. 1941ರಲ್ಲಿ ಲೆಸ್ಟರ್‌ನಲ್ಲಿ ಹುಟ್ಟಿದ ಲಾರ್ಡ್ ಚಿಕ್ಕಂದಿನಿಂದ ಪಿಯಾನೋ ಕಲಿತವರು, ಅವರಿಗೆ ಎರಡೂ ಕೈ ಪಳಗಿದ್ದವು. ಅದಕ್ಕೇ ಮೊದಲ ದಿನಗಳಲ್ಲಿ ಎಡಗೈಯಲ್ಲಿ ಬರೀ ಸ-ಪ ಹಿಡಿದು, ಬಲಗೈಯಲ್ಲಿ ನಿಮಗೆ ಬರುವ ಆಲಾಪ ನಿಧಾನಕ್ಕೆ ನುಡಿಸಿ. ಎಡಗೈ ಎತ್ತಬೇಡಿ. ಆಮೇಲೆ ಬಲಗೈ ನಿಲ್ಲಿಸಿ, ಎಡಗೈಯೊಂದರಲ್ಲೇ ಅಲಂಕಾರ ಮಾಡಿ. ಬೇಜಾರಾಗುತ್ತದೆ, ಆದರೂ ಬಿಡಬೇಡಿ.

ಶುರು ಮಾಡಲು ಡೀಪ್ ಪರ್ಪಲ್‌ನ 1970ರ ‘ಚೈಲ್ಡ್ ಇನ್ ಟೈಮ್’ ಹಾಡಿನ ಆರಂಭ ತೆಗೆದುಕೊಳ್ಳಿ. ಬಿಳಿ 6ನ್ನು ಷಡ್ಜ ಮಾಡಿಕೊಂಡರೆ ಗ, ಧ, ನಿ ಕೋಮಲ, ಅಂದರೆ ನಮ್ಮ ಆಸಾವರಿ ಥಾಟಿನ ಸ್ವರಗಳೇ, ಎಲ್ಲವೂ ಬಿಳಿ ಮನೆಯಲ್ಲೇ ಸಿಗುತ್ತವೆ. ಅದರ ಎಳೆ ಬಂದದ್ದು ಅಮೆರಿಕದ ಬ್ಯಾಂಡೊಂದರ ‘ಬಾಂಬೆ ಕಾಲಿಂಗ್’ ಎಂಬ ರಚನೆಯಿಂದ. ಎಷ್ಟು ಮೆತ್ತಗೆ ಶುರುವಾಗಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಕಿವಿಗೊಟ್ಟು ಕೇಳಿ, ಆಮೇಲೆ ಕೈ ಇಡಿ.

ಇನ್ನು ಲಾರ್ಡ್ ಅವರ ಆ ಗುರುಗುಟ್ಟುವ ಸದ್ದು. ಹ್ಯಾಮಂಡ್ ಜೊತೆ ಸಾಮಾನ್ಯವಾಗಿ ತಿರುಗುವ ಲೆಸ್ಲಿ ಸ್ಪೀಕರ್ ಬಳಸುತ್ತಾರೆ. ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರ್‌ನವರ ಮಾರ್ಷಲ್ ಆ್ಯಂಪ್‌ಗೆ ಜೋಡಿಸಿದರು, ಹಾಗಾಗಿ ಬ್ಯಾಂಡಿನ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಎದುರು ಅವರ ವಾದ್ಯ ಸರಿಸಮ ನಿಂತಿತು. ನೀವು ಗೆಳೆಯರ ಗಿಟಾರ್ ಡಿಸ್ಟಾರ್ಶನ್ ಪೆಡಲ್ ಹಾಕಿ ನೋಡಿ, ಗೇನ್ (ಸದ್ದು ಒಡೆಯುವ ಪ್ರಮಾಣ) ಕಡಿಮೆ ಇಟ್ಟುಕೊಂಡು. ಇಲ್ಲಿ ಸ-ಗ-ಪ ಮೂರೂ ಒಟ್ಟಿಗೆ ಒತ್ತಿದರೆ ಸದ್ದು ಕಲಸಿಹೋಗುತ್ತದೆ. ಗಾಂಧಾರ ತೆಗೆಯಿರಿ, ಸ-ಪ ಮಾತ್ರ ಉಳಿಸಿ, ತಕ್ಷಣ ಬಿಗಿಯಾಗುತ್ತದೆ. ಡೀಪ್ ಪರ್ಪಲ್‌ನ 1972ರ ‘ಮಷೀನ್ ಹೆಡ್’ ಆಲ್ಬಂನಲ್ಲಿ ಆರ್ಗನ್, ಗಿಟಾರ್ ಎಲ್ಲಿ ಬೇರೆಯಾಗುತ್ತವೆ ಅಂತ ಹುಡುಕುವುದೇ ಒಂದು ಪಾಠ.

ಪೇಟಿ ಬಿಡಬೇಡಿ. ಲಾರ್ಡ್ ರಾಕ್‌ಗೆ ಬಂದ ಮೇಲೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬಿಡಲಿಲ್ಲ. 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಡೀಪ್ ಪರ್ಪಲ್ ಮತ್ತು ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಒಟ್ಟಿಗೆ ನುಡಿಸಿದ ಕಾನ್ಸರ್ಟೊ ಅವರದೇ ರಚನೆ. ಮುಂದೆ ವೈಟ್‌ಸ್ನೇಕ್ ಎಂಬ ಬ್ಯಾಂಡ್, 1984ರಲ್ಲಿ ಮತ್ತೆ ಡೀಪ್ ಪರ್ಪಲ್, 2002ರಲ್ಲಿ ಅದನ್ನು ಬಿಟ್ಟು 2012ರಲ್ಲಿ ತೀರಿಕೊಳ್ಳುವವರೆಗೂ ಆರ್ಕೆಸ್ಟ್ರಾಗೆ ಬರೆಯುತ್ತಲೇ ಇದ್ದರು. ನೀವೂ ಬ್ಯಾಂಡಿನವರ ಜೊತೆ ಒಂದು ಬಂದಿಶ್ ಇಟ್ಟು ನೋಡಿ, ತಬಲಾದವರನ್ನೂ ಕರೆಯಿರಿ.

ಕೂಡಿಸಿದ್ದನ್ನು ಬರೆದಿಡಿ. ಆ ಕಾನ್ಸರ್ಟೊದ ಸ್ವರಲಿಪಿ 1970ರಲ್ಲಿ ಕಳೆದುಹೋಯಿತು, ರೆಕಾರ್ಡಿಂಗ್ ಕೇಳಿ ಕೇಳಿ ಮತ್ತೆ ಬರೆದು 1999ರಲ್ಲಿ ಅದೇ ಹಾಲ್‌ನಲ್ಲಿ ನುಡಿಸಬೇಕಾಯಿತು. ನೋಟ್‌ಬುಕ್ಕಿನಲ್ಲಿ ಸರಿಗಮ ಬರೆದು, ಫೋಟೋ ತೆಗೆದು ಬ್ಯಾಂಡಿನ ಎಲ್ಲರಿಗೂ ಅವತ್ತೇ ಕಳಿಸಿ.