ದೊಡ್ಡ ಕೋಡಿನಲ್ಲಿ ‘ಲಾಟ್’ ಹುಡುಕುವುದು

ಹುಬ್ಬಳ್ಳಿಯಲ್ಲಿ ನಾವು ನೋಡಿಕೊಳ್ಳುವುದು ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್. ಜಾವಾದ್ದು. ಚೀಲಗಳು ಟೆಂಡರಿಗೆ ಹೋಗುವುದೇ ಲಾಟ್ (ಒಟ್ಟಿಗೆ ಮಾರುವ ಚೀಲಗಳ ಗುಂಪು) ಲೆಕ್ಕದಲ್ಲಿ, ಹಾಗಾಗಿ ಇಂಗ್ಲಿಷಿನ ಆ ಮೂರಕ್ಷರ ಕೋಡಿನ ಮೂಲೆಮೂಲೆಯಲ್ಲೂ ಇದೆ. ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಜೊತೆ ಬರುವ, ಫೈಲುಗಳಲ್ಲಿ ಪದ ಹುಡುಕುವ ‘ಗಿಟ್ ಗ್ರೆಪ್’ ಕಮಾಂಡಿನಲ್ಲಿ ಸುಮ್ಮನೆ ಹುಡುಕಿದರೆ ಸ್ಲಾಟ್, ಪ್ಲಾಟ್, ಅಲಾಟ್‌ಮೆಂಟ್, ಪೈಲಟ್ ಎಲ್ಲ ಬಂದು ಬೀಳುತ್ತವೆ.

ಇಡೀ ಪದವನ್ನಷ್ಟೇ ಹಿಡಿಯುವ ಮೈನಸ್ ಡಬ್ಲ್ಯೂ ಹಾಕಿದರೆ ಸ್ಲಾಟ್ ಹೋಗುತ್ತದೆ, ಬೇಕಾದದ್ದೂ ಹೋಗುತ್ತದೆ. ಅಂಡರ್‌ಸ್ಕೋರ್ ಕೂಡ ಪದದ ಅಕ್ಷರವೆಂದೇ ಲೆಕ್ಕ; ‘ಲಾಟ್_ಐಡಿ’ ಸಿಗುವುದಿಲ್ಲ, ಕೂಡಿಸಿ ಬರೆದ ‘ಲಾಟ್‌ನಂಬರ್’ ಕೂಡ.

ಅದಕ್ಕೇ ನಾನು ಸಾಲುಗಳನ್ನು ಓದುವ ಮೊದಲು ಹೆಸರುಗಳ ಪಟ್ಟಿ ತೆಗೆಯುತ್ತೇನೆ. ಗಿಟ್ ಗ್ರೆಪ್‌ಗೆ ಮೈನಸ್ ಓ (ಹೊಂದಿದ ಭಾಗ ಮಾತ್ರ), ಎಚ್ (ಫೈಲಿನ ಹೆಸರು ಬೇಡ), ಐ (ದೊಡ್ಡ-ಚಿಕ್ಕ ಅಕ್ಷರ ಭೇದ ಬೇಡ), ದೊಡ್ಡ ಇ (ವಿಸ್ತೃತ ಪ್ಯಾಟರ್ನ್) ಕೊಟ್ಟು, ಪದದ ಎರಡೂ ಬದಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಸ್ಟಾರ್ (ಪದದ ಅಕ್ಷರಗಳು ಎಷ್ಟಿದ್ದರೂ ಸರಿ ಎಂದರ್ಥ) ಹಚ್ಚಬೇಕು. ಬಂದದ್ದನ್ನು ಸಾರ್ಟ್, ಯೂನಿಕ್ ಮೈನಸ್ ಸಿ, ಮತ್ತೆ ಸಾರ್ಟ್ ಮೈನಸ್ ಆರ್‌ಎನ್‌ಗೆ ಪೈಪ್ ಮಾಡಿದರೆ (ಒಂದರ ಫಲಿತಾಂಶವನ್ನು ಮುಂದಿನ ಕಮಾಂಡಿಗೆ ಕೊಟ್ಟರೆ), ಯಾವ ಹೆಸರು ಎಷ್ಟು ಸಲ ಬಂದಿದೆ ಎಂಬುದು ಕಣ್ಣೆದುರಿಗಿರುತ್ತದೆ. ಪಟ್ಟಿಯನ್ನು ಕೆಳಗಿನಿಂದ ಓದಿ. ಒಂದೇ ಸಲ ಬಂದ ಹೆಸರು ಎಷ್ಟೋ ಬಾರಿ ಸ್ಪೆಲಿಂಗ್ ತಪ್ಪಿದ್ದೇ ಆಗಿರುತ್ತದೆ.

ಗಿಟ್ ಗ್ರೆಪ್ಪೇ ಏಕೆಂದರೆ ಅದು ಗಿಟ್‌ಗೆ ಸೇರಿಸಿದ ಫೈಲುಗಳನ್ನಷ್ಟೇ ನೋಡುತ್ತದೆ. ಬಿಲ್ಡ್ ಫೋಲ್ಡರಿನ ಕಸ ಬರುವುದಿಲ್ಲ. ಮಿನಿಫೈ ಮಾಡಿದ (ಖಾಲಿ ಜಾಗ ತೆಗೆದು ಕುಗ್ಗಿಸಿದ) ಜಾವಾಸ್ಕ್ರಿಪ್ಟನ್ನು ಯಾರಾದರೂ ಗಿಟ್‌ಗೇ ಸೇರಿಸಿದ್ದರೆ ಒಂದೇ ಸಾಲು ಪರದೆ ತುಂಬುತ್ತದೆ. ಅಂಥ ಫೋಲ್ಡರನ್ನು, ಅದರ ಹೆಸರಿನ ಶುರುವಿಗೆ ಕೋಲನ್-ಆಶ್ಚರ್ಯಸೂಚಕ ಹಾಕಿ ಹೊರಗಿಡಿ.

ಇಷ್ಟಾದ ಮೇಲೆ ಬೇಕಾದ ಹೆಸರನ್ನು ಇನ್ನೊಂದರ ಜೊತೆ ಕೇಳಬೇಕು. ‘ಆ್ಯಂಡ್’ ಆಯ್ಕೆ ಎರಡೂ ಒಂದೇ ಸಾಲಿನಲ್ಲಿದ್ದರೆ ಮಾತ್ರ ಹಿಡಿಯುತ್ತದೆ. ಉದ್ದದ ಎಸ್‌ಕ್ಯೂಎಲ್ (ಡೇಟಾಬೇಸಿನ ಭಾಷೆ) ಸಾಲು ಮುರಿದು ಬರೆದಿದ್ದರೆ ‘ಆಲ್-ಮ್ಯಾಚ್’ ಬೇಕು, ಅದು ಒಂದೇ ಫೈಲಿನಲ್ಲಿದ್ದರೆ ಸಾಕು ಎನ್ನುತ್ತದೆ. ಮೈನಸ್ ಪಿ ಹಾಕಿದರೆ ಸಾಲು ಯಾವ ಫಂಕ್ಷನ್ನಿನದೆಂದು ತೋರಿಸಬೇಕು. ಆದರೆ ಜಾವಾದಲ್ಲಿ ಮೆಥಡ್‌ಗಳು ಒಳಸರಿದಿರುವುದರಿಂದ ಬರೀ ಕ್ಲಾಸಿನ ಹೆಸರು ಬರುತ್ತದೆ. ಗಿಟ್ ಆ್ಯಟ್ರಿಬ್ಯೂಟ್ಸ್ ಫೈಲಿನಲ್ಲಿ ಜಾವಾ ಫೈಲುಗಳಿಗೆ ಡಿಫ್ ಜಾವಾ ಎಂದು ಒಂದು ಸಾಲು ಸೇರಿಸಿ, ಸರಿಹೋಗುತ್ತದೆ.

ಕನ್ನಡ ಲೇಬಲ್‌ಗಳದ್ದು ಬೇರೆಯೇ ಕಥೆ. ಜಾವಾ 8ರ ತನಕ ಭಾಷೆಯ ಪ್ರಾಪರ್ಟೀಸ್ ಫೈಲುಗಳನ್ನು (ಲೇಬಲ್‌ಗಳ ಪದಗಳಿರುವ ಫೈಲುಗಳು) ಲ್ಯಾಟಿನ್-1 (ಕನ್ನಡ ಅಕ್ಷರಗಳಿಲ್ಲದ ಹಳೆಯ ಅಕ್ಷರ ಸಂಕೇತ) ಎಂದೇ ಓದಲಾಗುತ್ತಿತ್ತು. ಹಾಗಾಗಿ ಹಳೆಯ ಫೈಲುಗಳಲ್ಲಿ ‘ಲಾಟ್’ ಇರುವುದು ಬ್ಯಾಕ್‌ಸ್ಲ್ಯಾಶ್ ಯು ಇಂದ ಶುರುವಾಗುವ ಯುನಿಕೋಡ್ ಸಂಖ್ಯೆಗಳಾಗಿ. ಕನ್ನಡದಲ್ಲಿ ಟೈಪಿಸಿ ಹುಡುಕಿದರೆ ಏನೂ ಸಿಗದು. ಆ ಸಂಖ್ಯೆಗಳನ್ನೇ ಮೈನಸ್ ದೊಡ್ಡ ಎಫ್ (ಬರೆದದ್ದನ್ನು ಇದ್ದ ಹಾಗೇ ಹುಡುಕುವ ಆಯ್ಕೆ) ಜೊತೆ ಕೊಡಿ, ಇಲ್ಲದಿದ್ದರೆ ಬ್ಯಾಕ್‌ಸ್ಲ್ಯಾಶಿಗೆ ಬೇರೆ ಅರ್ಥ ಬರುತ್ತದೆ.